ನಲವತ್ತು ಜನರ ಪಟ

ವಸ್ತುಸಂಗ್ರಹಾಲಯಕ್ಕೆ ನಾನು ಹೋಗುತ್ತಿದ್ದದ್ದು ಜ್ಞಾನಕ್ಕಾಗಿಯಲ್ಲ, ತಂಪಿಗಾಗಿ. ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಮೇಷ್ಟ್ರು ಇಂಥದ್ದನ್ನೆಲ್ಲ ಬಾಯಿಬಿಡಬಾರದು. ಆದರೆ ನಿಮ್ಮ ಹತ್ತಿರ ಏನು ಮುಚ್ಚುಮರೆ? ಅರವತ್ತನೇ ಇಸವಿಯ ಆಸುಪಾಸಿನ ಮಾತು. ನಾನು ಪಾಠ ಹೇಳುತ್ತಿದ್ದ ಚಿಕ್ಕಬಳ್ಳಾಪುರದ ಹಳೆಯ ಛತ್ರವೊಂದರ ಎರಡು ಕೋಣೆಗಳಲ್ಲಿ ಊರಿನ ಚರಿತ್ರೆಯನ್ನು ಜೋಡಿಸಿಟ್ಟಿದ್ದರು. ತುಕ್ಕು ಹಿಡಿದ ಕತ್ತಿ, ಮೂಗು ಮುರಿದ ವಿಗ್ರಹ, ಯಾವ ಪಾಳೆಯಗಾರನದೋ ಪಲ್ಲಕ್ಕಿ ಹೊರುವ ಕೋಲು. ಮಧ್ಯಾಹ್ನ ಅಲ್ಲಿನ ಬೆಂಚಿನ ಮೇಲೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆ ಕೋಲಿಗೆ ಮಿಕ್ಕ ಪಲ್ಲಕ್ಕಿಯನ್ನು ನಾನೇ ಕಟ್ಟಿ, ಹೊರುವವರನ್ನು ಕರೆಸಿ, ಒಳಗೆ ಒರಗಿಕೊಂಡು ನಂದಿಬೆಟ್ಟದ ಕಡೆ ಹೊರಟುಬಿಡುತ್ತಿದ್ದೆ.

ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಾಗ, ಅಲ್ಲಿಗೆ ಹೊಸದಾಗಿ ಹಳೆಯ ಪಟವೊಂದು ಬಂದಿದೆ, ಊರಿಗೆ ಸಣ್ಣ ರೈಲು ಬಂದ ಕಾಲದಲ್ಲಿ ಹಳಿ ಹಾಕಿದ ನಲವತ್ತು ಜನ ಅದರಲ್ಲಿದ್ದಾರೆ ಎಂದೆ. ಸಾರು ಬಡಿಸುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ಶಿಡ್ಲಘಟ್ಟದ ನಮ್ಮ ಮನೆ ಸೇರಿದವಳು.

"ಅವರೂ ಹಳಿ ಕೆಲಸದಲ್ಲಿ ಮೇಸ್ತ್ರಿ ಆಗಿದ್ರು ಕಣೋ. ನನ್ನ ಹತ್ರ ಅವರದೊಂದು ಪಟಾನೂ ಇಲ್ಲ. ಕರ್ಕೊಂಡು ಹೋಗ್ತೀಯೇನಪ್ಪ?"

ಭಾನುವಾರ ಅದೇ ಸಣ್ಣ ರೈಲಿನಲ್ಲಿ ಹೊರಟೆವು. ಇಳಿದು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಹತ್ತಬಹುದಾದಷ್ಟು ಸಾವಧಾನದ ರೈಲು ಅದು. ದೊಡ್ಡಮ್ಮ ಅದುವರೆಗೆ ಮಡಿಕೆ ಬಿಚ್ಚದೆ ಎತ್ತಿಟ್ಟಿದ್ದ ಸೀರೆ ಉಟ್ಟಿದ್ದಳು.

ಪಟದ ಮುಂದೆ ಬಹಳ ಹೊತ್ತು ನಿಂತಳು. ಗುರುತು ಸಿಕ್ಕಿತೇ ಎಂದು ಕೇಳಿದೆ.

"ಮುಖ ನಾನು ನೋಡಿದ್ದಾದ್ರೂ ಯಾವಾಗ ಹೇಳು?" ಎಂದಳು, ಮೆಲ್ಲಗೆ. "ಅತ್ತೆ ಮಾವನ ಎದುರಿಗೆ ತಲೆ ಎತ್ತೋ ಹಾಗಿರಲಿಲ್ಲ. ಕೋಣೇಲಿ ದೀಪ ಇರ್ತಿರಲಿಲ್ಲ. ಕಾಲಾದ್ರೆ ಗುರುತು ಹಿಡೀತೀನಿ, ದಿನಾ ತೊಳೆಯೋಕೆ ನೀರು ಕೊಡ್ತಿದ್ದೆ."

ಸತ್ತು ಮುನ್ನೂರು ವರ್ಷವಾದ ರಾಜರ ಮೀಸೆ ಹೇಗಿತ್ತೆಂದು ಮಕ್ಕಳಿಗೆ ವರ್ಣಿಸುವ ಪಂಡಿತ ನಾನು. ನಾಲ್ಕು ವರ್ಷ ಒಂದೇ ಸೂರಿನಡಿ ಬಾಳಿದವಳಿಗೆ ಗಂಡನ ಮುಖ ತಿಳಿಯದೆಂಬುದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಪಟದಲ್ಲಿ ಕಾಲು ಕಾಣುತ್ತಿದ್ದದ್ದು ಮುಂದೆ ಕುರ್ಚಿ ಹಾಕಿಕೊಂಡು ಕೂತ ದೊಡ್ಡ ಮನುಷ್ಯರದು ಮಾತ್ರ, ಅವೂ ಬೂಟಿನೊಳಗಿದ್ದವು.

ದೊಡ್ಡಮ್ಮ ಮೊದಲ ಸಾಲಿನಿಂದ ಶುರುಮಾಡಿದಳು. ಒಬ್ಬರ ಮುಖವನ್ನೂ ತಲೆ ಎತ್ತಿ ನೋಡದಿದ್ದವಳು ನಲವತ್ತು ಗಂಡಸರನ್ನು ಒಬ್ಬೊಬ್ಬರನ್ನಾಗಿ, ಒಂದಿಷ್ಟೂ ಸಂಕೋಚವಿಲ್ಲದೆ ನೋಡಿದಳು. ಕಿಟಕಿಯ ಬಿಸಿಲು ನಿಧಾನವಾಗಿ ಗಾಜಿನ ಮೇಲೆ ಸರಿಯಿತು. ಅದರಲ್ಲಿ ಅವಳ ಮುಖವೂ ಅವರ ನಡುವೆ ತೇಲುತ್ತಿತ್ತು. ಆ ಹೊತ್ತಿನಲ್ಲಿ ಅವಳಿಗೆ ಎಷ್ಟು ವಯಸ್ಸೆಂದು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿದ್ದ ಒಬ್ಬ ತರುಣನ ಮೇಲೆ ಬೆರಳಿಟ್ಟಳು.

"ಇವರೇ."

ಕೋಣೆ ನೋಡಿಕೊಳ್ಳುತ್ತಿದ್ದ ಮುದುಕ ಸಾಹೇಬರು ಖುಷಿಯಿಂದ ಎದ್ದುಬಂದರು. "ಅಮ್ಮಾ, ಹಿಂದ್ಗಡೆ ಎಲ್ಲಾರ ಹೆಸರೂ ಬರ್ದವ್ರೆ. ತಿರುಗಿಸಿ ನೋಡೇಬಿಡೋಣ" ಎಂದು ಪಟವನ್ನು ಮೊಳೆಯಿಂದ ಇಳಿಸಿದರು.

ದೊಡ್ಡಮ್ಮ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬೇಡಪ್ಪ. ಇವರಲ್ಲ ಅಂತ ಇದ್ರೆ, ಆಮೇಲೆ ನಾನು ಯಾರನ್ನ ನೆನೆಸ್ಕೊಳ್ಳಲಿ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಪಟ ಮತ್ತೆ ಮೊಳೆಗೆ ಹೋಯಿತು.

ಹಿಂದಿರುಗುವಾಗ ರೈಲು ಎಂದಿನಂತೆ ತೂಕಡಿಸುತ್ತಾ ಹೊರಟಿತು. ದೊಡ್ಡಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು: "ಒಂಚೂರು ನಗ್ತಾ ಇದ್ರು, ಅಲ್ವೇನೋ?"

ಆಗಿನ ಕಾಲದಲ್ಲಿ ಪಟ ತೆಗೆಸಿಕೊಳ್ಳುವುದೆಂದರೆ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತು. ಆ ನಲವತ್ತು ಜನರಲ್ಲಿ ನಗುತ್ತಿದ್ದವರು ಒಬ್ಬರೂ ಇರಲಿಲ್ಲ.

"ಹೌದು ದೊಡ್ಡಮ್ಮ, ನಗ್ತಾ ಇದ್ರು" ಎಂದೆ.

ಪೂರ್ತಿ ಸುಳ್ಳೇನಲ್ಲ ಬಿಡಿ. ಪಟ ತೆಗೆಯುವವನು ಕ್ಯಾಮೆರಾದ ಕರಿಬಟ್ಟೆ ಮಡಚಿ "ಆಯ್ತು, ಹೋಗಿ" ಎಂದ ಮೇಲೆ, ಅವರೆಲ್ಲ ನಕ್ಕೇ ಇರುತ್ತಾರೆ.