ಲಕ್ಷ್ಮೇಶ್ವರದ ಕಪ್ಪು ಪರದೆ

ಗದಗ ಹೊಸ ಜಿಲ್ಲೆಯಾದ ಮೇಲಿನ ವರ್ಷಗಳಲ್ಲಿ ನಾನು ಬೆಟಗೇರಿಯ ಮನೆಯಿಂದ ನಡೆದೇ ಕೆಲಸಕ್ಕೆ ಹೋಗುತ್ತಿದ್ದೆ. ರೈತರಿಂದ ಹತ್ತಿ, ಶೇಂಗಾ ಕೊಳ್ಳುವ ಸಹಕಾರಿ ಸಂಘ ಅದು. ಮುಂಬೈಯಲ್ಲಿ ಮುಚ್ಚಿದ ಗಿರಣಿಯೊಂದರಿಂದ ತಂದ ದೊಡ್ಡ ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿತ್ತು. ನೋಡಲು ಕಬ್ಬಿಣದ ಕಪಾಟುಗಳನ್ನು ಜೋಡಿಸಿಟ್ಟಂತೆ. ಇಡೀ ಕಟ್ಟಡದಲ್ಲಿ ಏಸಿ ಇದ್ದದ್ದು ಆ ಕೋಣೆಗೆ ಮಾತ್ರ. ಬೇಸಿಗೆ ಬಂತೆಂದರೆ ಎಲ್ಲರಿಗೂ ಅಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಮಧ್ಯಾಹ್ನದ ರೊಟ್ಟಿ ಬುತ್ತಿಯನ್ನೂ ಅದರ ಬಾಗಿಲಲ್ಲೇ ಬಿಚ್ಚುತ್ತಿದ್ದೆವು. ಒಳಗಿನ ಗುಂಯ್‌ಗುಡುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಶಾಖೆಗಳ ಪರದೆಗಳು ಟೆಲಿಫೋನ್ ತಂತಿಯ ಮೂಲಕ ಇದಕ್ಕೇ ಜೋಡಿಸಿಕೊಂಡಿದ್ದವು. ಕಪ್ಪು ಪರದೆ, ಹಸಿರು ಅಕ್ಷರ, ಎಲ್ಲ ಕೆಲಸಕ್ಕೂ ಒತ್ತಲು ಒಂದೊಂದು ಅಂಕಿ. ಆದರೆ ಬಿಡಿಭಾಗ ಸಿಗುವುದು ನಿಂತಮೇಲೆ ಎಷ್ಟು ದಿನ ನಡೆದೀತು? ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ತೆರೆಯುವ ಪುಟಗಳಾಗಿ ಹೊಸದಾಗಿ ಬರೆಯಬೇಕೆಂದು ತೀರ್ಮಾನವಾಯಿತು. ಬರೆಯುವ ಕೆಲಸ ನನಗೂ ಇನ್ನಿಬ್ಬರಿಗೂ ಬಂತು. ಶಾಖೆಗಳಿಗೆ ಹೋಗಿ ಕಲಿಸುವುದು ನನ್ನ ಪಾಲಿಗೆ.

ಲಕ್ಷ್ಮೇಶ್ವರದ ಶಾಖೆಯಲ್ಲಿ ಕೂರುತ್ತಿದ್ದವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆವು. ಅದೇ ಊರಿನ ದರ್ಜಿಯೊಬ್ಬರ ಮಗಳು. ಎದುರು ನಿಂತ ರೈತನ ಮಗಳ ಮದುವೆ ಎಲ್ಲಿಗೆ ಬಂತೆಂದು ವಿಚಾರಿಸುತ್ತಲೇ ಅವನ ಹತ್ತಿಯ ತೂಕ, ದರ್ಜೆ ಎಲ್ಲ ಒತ್ತಿ ಮುಗಿಸುತ್ತಿದ್ದರು. ನಾನು ಹೊಸ ಪುಟ ತೆರೆದುಕೊಟ್ಟ ದಿನ ಅವರ ಮಾತು ನಿಂತುಹೋಯಿತು. ಮೌಸ್ ಹಿಡಿದ ಕೈ ಮೇಜಿನ ಮೇಲೆ ಸುಮ್ಮನೆ ಅಲೆಯಿತು. ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯಿತು. ಕೊನೆಗೆ ಅವರು ಎದ್ದು ಹಿತ್ತಲ ಕಡೆ ನಡೆದರು. ಆ ಸಾಲು ಮುಗಿಯುವವರೆಗೆ ನಾನೇ ಅವರ ಕುರ್ಚಿಯಲ್ಲಿ ಕುಳಿತೆ. ಆಮೇಲೆ ಹೋಗಿ ನೋಡಿದರೆ ನಲ್ಲಿಯ ಹತ್ತಿರ ನಿಂತಿದ್ದರು.

"ಏನಾತ್ರಿ ಆಪಾ?"

"ಪರದಿ ಮ್ಯಾಲಿನ ಆ ಬಾಣಾನ ಸಿಗವಲ್ದು ತಂಗಿ ನನಗ. ಸಣ್ಣಾಕಿ ಇದ್ದಾಗಿಂದ ಕಣ್ಣು ಹಿಂಗ. ಕೊಳವಿಯೊಳಗಿಂದ ನೋಡಿದಂಗ, ನಟ್ಟನಡುವ ಒಂದೀಟ ಕಾಣತೈತಿ. ಅದೂ ವರ್ಷಾ ವರ್ಷಾ ಕಡಿಮಿ ಆಗಾಕತ್ತೈತಿ."

"ಹಂಗಾರ ಇಷ್ಟು ದಿನ ಹೆಂಗ ಮಾಡಿದ್ರಿ?"

"ಕರೀದರ ಮ್ಯಾಲೆ ಹಸರ ಅಕ್ಷರ ಚಂದ ಕಾಣ್ತಿದ್ವು. ಉಳಿದಿದ್ದು ಬೆರಳಿಗೇ ಗೊತ್ತಿತ್ತು. ಈ ಬಿಳಿ ಪುಟ ನೋಡಿದ್ರ ಬಿಸಿಲಿಗೆ ಮುಖಾ ಹಿಡಿದಂಗ ಆಗತೈತಿ." ಆಮೇಲೆ ನನ್ನ ಕೈ ಹಿಡಿದರು. "ಯಾರಿಗೂ ಹೇಳಬ್ಯಾಡ. ಖಬರ ಗದಗಕ್ಕ ಹೋತಂದ್ರ ನನ್ನ ಮನಿಗೆ ಕಳಸ್ತಾರ."

ಹೇಳುವುದಿಲ್ಲ ಎಂದೆ. ಗದಗಿಗೆ ಮರಳಿದವಳು ಮ್ಯಾನೇಜರ್ ಸಾಹೇಬರ ಬಳಿ ಹೋಗಿ, ಹಳೆಯ ಅಂಕಿಗಳನ್ನೂ ಕಪ್ಪು ಪರದೆಯನ್ನೂ ಹೊಸದರಲ್ಲಿ ಉಳಿಸಿಕೊಳ್ಳೋಣ, ಕೆಲಸ ಚುರುಕಾಗುತ್ತದೆ ಎಂದೆ. ಅವರು ನಕ್ಕರು. "ಹಳೇದನ್ನ ಮಾಡೂದಿದ್ರ ಹೊಸಾದ್ಯಾಕ ಬೇಕಿತ್ತವಾ? ಒಂದು ಶಾಖಾದಾಗ ಹಚ್ಚಿ ನೋಡು. ಉಳಿದವರು ಬ್ಯಾಡಂದ್ರ ತಗದುಬಿಡು."

ಅಷ್ಟು ಸಾಕಾಗಿತ್ತು. ದಪ್ಪ ಹಸಿರು ಅಕ್ಷರದ ಕಪ್ಪು ಪುಟ ಮಾಡಿ, ಮೌಸ್ ಮುಟ್ಟದೆ ಅಂಕಿ ಒತ್ತಿದರೇ ಎಲ್ಲ ನಡೆಯುವಂತೆ ಬರೆದು, ಮತ್ತೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಆಪಾ ಕುಳಿತರು, ಒಂದೆರಡು ಅಂಕಿ ಒತ್ತಿದರು, ಪರದೆಗೆ ಮುಖ ತಂದು ನೋಡಿದರು. ಎದುರಿಗಿದ್ದ ಅಜ್ಜನತ್ತ ತಿರುಗಿ, "ಎತ್ತಿನ ಕಾಲು ಆರಾಮಾತೇನ್ರಿ?" ಎಂದು ಕೇಳಿದರು. ಬೆರಳುಗಳು ಓಡತೊಡಗಿದವು.

ಸುದ್ದಿ ತಾನೇ ಹಬ್ಬಿತು. ಮುಂಡರಗಿಯವರು ಫೋನ್ ಮಾಡಿ, "ನಮಗೂ ಆ ಲಕ್ಷ್ಮೇಶ್ವರದ ಪರದೆ ಹಾಕಿಕೊಡ್ರಿ, ಜಲ್ದಿ ಆಗತೈತಂತ" ಅಂದರು. ಶಿರಹಟ್ಟಿಯವರೂ ಕೇಳಿದರು.

ಹಳೆಯ ಯಂತ್ರ ನಿಲ್ಲಿಸುವ ದಿನ ಎಲ್ಲ ಶಾಖೆಯವರನ್ನೂ ಗದಗಿಗೆ ಕರೆದಿದ್ದರು. ಸಾಹೇಬರು ಮಾತಿನ ನಡುವೆ ಕಪ್ಪು ಪರದೆ ನನ್ನ ವಿಚಾರವೆಂದು ಹೊಗಳಿದರು. ಆಗ ಆಪಾ ಎದ್ದು ನಿಂತರು.

"ಸಾಹೇಬ್ರ, ಅದನ್ನ ಆಕಿ ನನ್ನ ಸಲುವಾಗಿ ಮಾಡಿದ್ದು. ನನಗ ಕಣ್ಣು ಕಾಣೂದು ಕಡಿಮಿ."

"ಮೊದಲ ಯಾಕ ಹೇಳಲಿಲ್ರಿ?" ಎಂದರು ಸಾಹೇಬರು ಮೆಲ್ಲಗೆ.

"ಹೇಳಿದ್ರ ಇಟ್ಕೋತಿದ್ರೇನ್ರಿ?"

ಸಾಹೇಬರು ತಲೆ ತಗ್ಗಿಸಿ, "ಗೊತ್ತಿಲ್ರೀ ಆಪಾ. ಈಗಂತೂ ನೀವು ಎಲ್ಲೂ ಹೋಗೂದು ಬ್ಯಾಡ" ಎಂದರು.

ಸಭೆ ಮುಗಿದ ಮೇಲೆ ಆಪಾ ಯಂತ್ರ ನೋಡಬೇಕೆಂದರು. ಅಷ್ಟು ವರ್ಷ ಅದರೊಡನೆ ಕೆಲಸ ಮಾಡಿದವರು ಒಮ್ಮೆಯೂ ಅದರ ಹತ್ತಿರ ಬಂದಿರಲಿಲ್ಲ. ಕೈ ಹಿಡಿದು ಕರೆದೊಯ್ದೆ. ಇನ್ನೂ ನಿಲ್ಲಿಸಿರದ ಯಂತ್ರದ, ಸಣ್ಣಗೆ ನಡುಗುತ್ತಿದ್ದ ಬೆಚ್ಚನೆಯ ಕಬ್ಬಿಣದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು.

"ಇಷ್ಟ ದೊಡ್ಡದೈತೇನ ಇದು!" ಎಂದು ಚಿಕ್ಕ ಹುಡುಗಿಯಂತೆ ನಕ್ಕರು.

ನಿವೃತ್ತಿಯವರೆಗೂ ಆಪಾ ಅದೇ ಕುರ್ಚಿಯಲ್ಲಿದ್ದರು. ನಾನು ಯಾವುದೇ ಪುಟ ಬದಲಿಸಿದರೂ ಮೊದಲು ಅವರಿಗೆ ಫೋನ್ ಮಾಡುತ್ತಿದ್ದೆ. ಬೈಯುವುದಿದ್ದರೆ ಬೈಯುತ್ತಿದ್ದರು, ಆಮೇಲೆ ಊಟ ಆಯಿತೇ ಎಂದು ಕೇಳುತ್ತಿದ್ದರು.