ಹೆಸರಿಲ್ಲದ ಚೀಟಿಯನ್ನು ತಾವೇ ಓದಿದ ಮೇಷ್ಟ್ರು

ದೈಹಿಕ ಶಿಕ್ಷಣದ ಮೇಷ್ಟ್ರೆಂದರೆ ಶಿಳ್ಳೆ ಊದುವವರು, ಸಾಲು ನೇರಮಾಡಿಸುವವರು, ಉಳಿದ ಹೊತ್ತು ರಜೆ ಹಾಕಿದವರ ತರಗತಿ ಕಾಯುವವರು ಎಂಬ ಸಸಾರದ ಭಾವನೆ ಶಿಕ್ಷಣ ಕ್ಷೇತ್ರದಿಂದ ಇನ್ನೂ ಪೂರ್ತಿ ಅಳಿದಿಲ್ಲ. ಆ ಭಾವನೆಯನ್ನು ಮೂವತ್ತಮೂರು ವರ್ಷಗಳ ಕಾಲ ವಾದದಿಂದಲ್ಲದೆ ನಡತೆಯಿಂದಲೇ ಸುಳ್ಳುಮಾಡಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವವರು ನಮ್ಮ ಶಾಲೆಯ ಇಸ್ತ್ರಿ ಮೇಷ್ಟ್ರು. ಮಕ್ಕಳು ಇಟ್ಟ ಈ ಅಡ್ಡಹೆಸರು ಹೆತ್ತವರ ಬಾಯಿಗೆ ಹತ್ತಿ, ಶಿಕ್ಷಕರ ಕೊಠಡಿಗೆ ನುಸುಳಿ, ಕೊನೆಗೆ ಅವರ ಮನೆಯೊಳಗೂ ಕಾಲಿಟ್ಟಿತು. ಈ ಅಭಿನಂದನ ಸಂಪುಟದ ವಿಷಯ ಎತ್ತಿದಾಗ ಅವರು ಹೇಳಿದ್ದು ಒಂದೇ ಮಾತು: “ಹೊಗಳೋದಾದ್ರೆ ಹೊಗಳಿ, ಬೇಡ ಅನ್ನಲ್ಲ. ಆದರೆ ಆ ಚೀಟಿ ವಿಷಯ ಬಿಟ್ಟು ಬರೆದ್ರೆ ನಾನು ಸಮಾರಂಭಕ್ಕೇ ಬರಲ್ಲ.” ಅವರ ಮಾತು ಮೀರುವ ಧೈರ್ಯ ನಮಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ಸೇವೆಗೆ ಸೇರಿದಾಗ ಅವರಿಗೆ ಇಪ್ಪತ್ತೇಳು. ಮೊದಲ ವಾರದಿಂದಲೇ ಬೆಳಗಿನ ಎಂಟು ಮುಕ್ಕಾಲಿಗೆ ಗೇಟಿನ ಬಳಿ ಅವರು, ಅವರ ಗರಿಗರಿ ಬಿಳಿ ಅಂಗಿ, ಕೈಯಲ್ಲಿ ಯಾರಿಗೂ ಏಟು ಕೊಡದ ಒಂದು ಅಡಿಪಟ್ಟಿ. ಕಾಲರು, ಗುಂಡಿ, ಬೆಲ್ಟು, ಕಾಲುಚೀಲ, ಬೂಟು, ಈ ಐದರಲ್ಲಿ ಒಂದು ತಪ್ಪಿದರೂ ಆ ಮಗು ನೀರಿನ ತೊಟ್ಟಿಯ ಪಕ್ಕ, ಪ್ರಾರ್ಥನೆ ಮುಗಿಯುವವರೆಗೆ ನಿಲ್ಲಬೇಕು. ಇದು ಬರೀ ಶಿಸ್ತಿನ ಹುಚ್ಚಲ್ಲ. “ಸಮವಸ್ತ್ರ ಹಾಕಿದ ಮೇಲೆ ಯಾರ ಮನೇಲಿ ಎಷ್ಟಿದೆ ಅನ್ನೋದು ಗೊತ್ತೇ ಆಗಬಾರದು” ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ತೊಟ್ಟಿಯ ಪಕ್ಕ ನಿಂತವರಿಗೆ ಮಧ್ಯಾಹ್ನ ತಮ್ಮ ಕಿಸೆಯಿಂದಲೇ ಗುಂಡಿ ಕೊಡಿಸುತ್ತಿದ್ದವರೂ ಅವರೇ. ಓಟದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡವರನ್ನು ಸ್ಕೂಟರಿನಲ್ಲಿ ಆಸ್ಪತ್ರೆಗೆ ಒಯ್ದು, ಹೆತ್ತವರು ಬರುವವರೆಗೆ ಬೆಂಚಿನ ಮೇಲೆ ಕಾದು ಕುಳಿತವರೂ ಅವರೇ. ಹೀಗೆ ಗೌರವ, ಭಯ, ಪ್ರೀತಿ ಮೂರೂ ಕಲಸಿಕೊಂಡು ಹದಿನೆಂಟು ವರ್ಷ ಸಾಗಿದವು.

ಹತ್ತೊಂಬತ್ತನೆಯ ವರ್ಷ ಆರನೇ ತರಗತಿಯ ಮಗುವೊಂದು ಶಾಲೆ ಬಿಟ್ಟಿತು. ಸಹಪಾಠಿಗಳ ಕಾಟವೇ ಕಾರಣವೆಂದು ತಿಳಿದದ್ದು ಎರಡು ತಿಂಗಳಾದ ಮೇಲೆ. ನೊಂದುಕೊಂಡ ಮುಖ್ಯೋಪಾಧ್ಯಾಯಿನಿಯವರು ಗ್ರಂಥಾಲಯದ ಗೋಡೆಗೆ ಒಂದು ದೂರುಪೆಟ್ಟಿಗೆ ಹೊಡೆಸಿದರು. ಯಾರನ್ನಾದರೂ ಯಾರಾದರೂ ಗೋಳುಹೊಯ್ದುಕೊಂಡರೆ, ಕಂಡವರು ಚೀಟಿ ಬರೆದು ಹಾಕಬಹುದು. ಬರೆದವರ ಹೆಸರು ಬೇಕಿಲ್ಲ. ಬೀಗದ ಕೈ ಇಸ್ತ್ರಿ ಮೇಷ್ಟ್ರ ಮತ್ತು ವಿಜ್ಞಾನದ ಮೇಡಂ ಅವರ ಸುಪರ್ದಿಗೆ ಬಂತು. ಪ್ರಾರ್ಥನೆಯ ವೇಳೆ ಮೇಷ್ಟ್ರೇ ಎದ್ದು ನಿಂತು, “ಯಾರು ಬರೆದ್ರು ಅಂತ ನಾವು ಹುಡುಕಲ್ಲ. ಇದು ನನ್ನ ಮಾತು” ಎಂದು ಇಡೀ ಶಾಲೆಗೆ ಸಾರಿದರು.

ಮೊದಮೊದಲು ಬಂದ ಚೀಟಿಗಳು ನಗೆಯವೇ. “ನಮ್ಮ ಕ್ಲಾಸಿನ ಫ್ಯಾನು ಆರು ತಿಂಗಳಿಂದ ನಮ್ಮೆಲ್ಲರನ್ನೂ ಹೆದರಿಸುತ್ತಿದೆ” ಎಂದು ಒಬ್ಬರು ಬರೆದಿದ್ದರು, ಫ್ಯಾನು ರಿಪೇರಿಯಾಯಿತು. ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಮೇಷ್ಟ್ರು ಓದುವುದು, ಮೇಡಂ ಪುಸ್ತಕದಲ್ಲಿ ಬರೆದುಕೊಳ್ಳುವುದು ರೂಢಿಯಾಯಿತು.

ಏಳನೆಯ ಶುಕ್ರವಾರ ಆ ಚೀಟಿ ಬಂತು. ಮೇಷ್ಟ್ರು ಎಂದಿನಂತೆ ಗಟ್ಟಿಯಾಗಿ ಓದತೊಡಗಿದರು: “ಎಂಟನೇ ತರಗತಿಯಲ್ಲಿ ಒಬ್ಬಳನ್ನು ಎಲ್ಲರೂ ಸುಕ್ಕು ಎಂದು ಕರೆಯುತ್ತಾರೆ. ಅವಳ ಪಕ್ಕ ಯಾರೂ ಕೂರುವುದಿಲ್ಲ. ಆದರೆ ಆ ಹೆಸರು ಇಟ್ಟಿದ್ದು ಮಕ್ಕಳಲ್ಲ, ಇಸ್ತ್ರಿ ಮೇಷ್ಟ್ರು. ಮೇಷ್ಟ್ರ ಹೆಸರನ್ನೂ ಇಲ್ಲಿ ಬರೆಯಬಹುದಾ?” ಕೊನೆಯ ಎರಡು ಸಾಲಿಗೆ ಬರುವಾಗ ಅವರ ದನಿ ಇಳಿದುಹೋಗಿತ್ತು.

“ಬಿಟ್ಟುಬಿಡಿ ಸರ್, ಯಾರೋ ಸಿಟ್ಟಲ್ಲಿ ಬರೆದಿರೋದು” ಎಂದರು ಮೇಡಂ.

“ಬರ್ಕೊಳ್ಳಿ ಮೇಡಂ. ಬೇರೆಯವರ ಹೆಸರು ಬಂದಾಗ ಬಿಟ್ವಾ?”

ಹೀಗೆ ದೊಡ್ಡ ಮನಸ್ಸಿನಿಂದ ಹೇಳಿದರಾದರೂ ಒಳಗೆ ಕುದಿಯುತ್ತಿದ್ದರೆಂಬುದನ್ನು ಅವರು ಎಂದೂ ಮುಚ್ಚಿಟ್ಟಿಲ್ಲ. ಸೋಮವಾರ ಎಂಟನೇ ತರಗತಿಯ ಆರೋಗ್ಯದ ನೋಟುಬುಕ್ಕುಗಳನ್ನೆಲ್ಲ ತರಿಸಿಕೊಂಡು, ಆಟದ ಸಾಮಾನಿನ ಕೊಠಡಿಯಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ ಕುಳಿತರು. ಕಿಸೆಯಲ್ಲಿ ಚೀಟಿ. ಅಕ್ಷರ ಹೋಲಿಸಿ ನೋಡಿದರೆ ಬರೆದವರು ಸಿಕ್ಕಿಬೀಳುವುದು ಹತ್ತು ನಿಮಿಷದ ಕೆಲಸ. ಮೂರು ಪುಸ್ತಕ ತಿರುವಿದ್ದರಷ್ಟೇ, ಕಸ ಗುಡಿಸಲು ಬಂದ ಆಯಮ್ಮ ಬಾಗಿಲಲ್ಲಿ ನಿಂತು, “ಏನ್ ಸಾರ್, ಆಟದ ಪಾಠಕ್ಕೂ ಈಗ ಕರೆಕ್ಷನ್ನಾ?” ಎಂದರು. ಆ ತಾಯಿಯ ಮುಂದೆ ಬಾಯಿಬಿಟ್ಟು ಹೇಳಲಾರದ ಕೆಲಸವನ್ನು ಬಾಗಿಲ ಮರೆಯಲ್ಲಿ ಮಾಡುತ್ತಿದ್ದೇನಲ್ಲ ಎನ್ನಿಸಿ ಅವರಿಗೆ ನಾಚಿಕೆಯಾಯಿತು. ಉಳಿದ ಪುಸ್ತಕಗಳು ತೆರೆಯದೆಯೇ ತರಗತಿಗೆ ಮರಳಿದವು.

ಸಂಜೆ ಮನೆಯಲ್ಲಿ ವಿಷಯ ಹೇಳಿಕೊಂಡರು. ಹೆಂಡತಿ ಸಮಾಧಾನ ಮಾಡುವರೆಂದು ನೆಚ್ಚಿದ್ದರೆ, ಅವರು ಟೀ ಲೋಟ ಮುಂದಿಟ್ಟು, “ನಮ್ಮ ಮಗಳು ಹೊರಡೋಕೆ ಮುಂಚೆ ಎರಡು ಸಲ ಕನ್ನಡಿ ನೋಡ್ತಾಳಲ್ಲ, ಚೆನ್ನಾಗಿ ಕಾಣೋಕೆ ಅಂದ್ಕೊಂಡ್ರಾ? ನೀವು ಏನಂತೀರೋ ಅಂತ ಹೆದರಿ” ಎಂದರು. ಆಗ ಮೇಷ್ಟ್ರಿಗೆ ಗೇಟಿನ ಬಳಿಯ ಒಂದು ಬೆಳಗು ನೆನಪಾಯಿತು. ತೆಳ್ಳನೆಯ ಒಬ್ಬ ಹುಡುಗಿಯ ತೋಳು ಹಿಡಿದು, “ಇದೇನಮ್ಮ, ಅಂಗಿ ಹಾಕ್ಕೊಂಡು ಬಂದಿದೀಯೋ, ಸುಕ್ಕು ಹಾಕ್ಕೊಂಡು ಬಂದಿದೀಯೋ?” ಎಂದಿದ್ದರು. ಸಾಲೆಲ್ಲ ನಕ್ಕಿತ್ತು. ಆ ನಗು ತಮಗೂ ಹಿತವಾಗಿತ್ತು ಎಂಬುದು ಅವರಿಗೆ ಮೊದಲು ನೆನಪಾಯಿತು. ಹುಡುಗಿಯ ಮುಖ ಎಷ್ಟು ನೆನೆದರೂ ಬರಲಿಲ್ಲ. ಯಾರ ಮನೆಯ ಸ್ಥಿತಿ ಯಾರಿಗೂ ತಿಳಿಯಬಾರದೆಂದು ತಾನು ಕಾಯುತ್ತಿದ್ದ ಗೇಟಿನಲ್ಲಿ, ದಿನವೂ ಅದನ್ನೇ ಎತ್ತಿ ತೋರಿಸುತ್ತಿದ್ದವನು ತಾನೇ ಎಂದು ಅವರಿಗೆ ಅಂದು ಹೊಳೆಯಿತು.

ಮರುದಿನ ಅವರು ಮುಖ್ಯೋಪಾಧ್ಯಾಯಿನಿಯವರ ಮುಂದೆ ನಿಂತು, ಪ್ರಾರ್ಥನೆಯಲ್ಲಿ ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದರು.

“ಬೇಡ ಮೇಷ್ಟ್ರೇ. ಹಾಗೆ ಕೇಳಿದ್ರೆ ಹಗುರ ಆಗೋದು ನಿಮ್ಮ ಮನಸ್ಸು. ಇಡೀ ಶಾಲೆ ತಿರುಗಿ ನೋಡೋದು ಅವಳನ್ನ.”

ಹೀಗಾಗಿ ಗ್ರಂಥಾಲಯದಲ್ಲಿ, ವಿಜ್ಞಾನದ ಮೇಡಂ ಒಬ್ಬರನ್ನೇ ಜೊತೆಗಿರಿಸಿಕೊಂಡು, ಅವರು ಆ ಹುಡುಗಿಯನ್ನು ಕರೆಸಿದರು.

“ತಪ್ಪು ನಂದಮ್ಮ. ನಾನು ಹಾಗನ್ನಬಾರದಿತ್ತು.”

ಹುಡುಗಿ ಮೇಜಿನ ಅಂಚನ್ನೇ ನೋಡುತ್ತ, “ಚೀಟಿ ನಾನು ಬರೆದಿದ್ದಲ್ಲ ಸರ್” ಎಂದಳು.

“ನಾನು ಅದನ್ನ ಕೇಳಲಿಲ್ಲ.”

“ಮನೇಲಿ ಇಸ್ತ್ರಿ ಪೆಟ್ಟಿಗೆ ಇದೆ ಸರ್. ಅಮ್ಮ ಬೆಳಗ್ಗೆ ಬೇಗ ಕೆಲಸಕ್ಕೆ ಹೋಗ್ತಾರೆ. ತಂಗಿದು, ತಮ್ಮಂದು ಮಾಡಿಕೊಡ್ತೀನಿ. ನಂದಕ್ಕೆ ಬರೋ ಹೊತ್ತಿಗೆ ಬಸ್ಸಿನ ಟೈಮಾಗಿರುತ್ತೆ.”

ಐದನೇ ತರಗತಿಯ ಆ ತಂಗಿ, ಮೂರನೇ ತರಗತಿಯ ಆ ತಮ್ಮ ಯಾರೆಂದು ಮೇಷ್ಟ್ರಿಗೆ ಗೊತ್ತಿತ್ತು. ಅವರಿಬ್ಬರ ಕಾಲರನ್ನು ಉಳಿದ ಮಕ್ಕಳಿಗೆ ಮಾದರಿಯೆಂದು ಅವರೇ ಎಷ್ಟೋ ಸಲ ತೋರಿಸಿದ್ದರು. ಅದನ್ನು ಮಡಿಸಿ ತೀಡಿದ ಕೈ ನೀರಿನ ತೊಟ್ಟಿಯ ಪಕ್ಕ ನಿಂತಿತ್ತು. ಮೂವತ್ತಮೂರು ವರ್ಷಗಳಲ್ಲಿ ಮೇಷ್ಟ್ರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ ಎಂದು ಮೇಡಂ ಹೇಳುತ್ತಾರೆ. ಕಪಾಟಿನ ಧೂಳು ಎಂದು ಮೇಷ್ಟ್ರು ಹೇಳುತ್ತಾರೆ.

ಅಂದಿನಿಂದ ತೊಟ್ಟಿಯ ಪಕ್ಕದ ಸಾಲು ರದ್ದಾಯಿತು. ಆಟದ ಸಾಮಾನಿನ ಕೊಠಡಿಯಲ್ಲಿ ಒಂದು ಮೇಜು, ಇಸ್ತ್ರಿ ಪೆಟ್ಟಿಗೆ, ಸೂಜಿದಾರ, ನಾನಾ ಅಳತೆಯ ಬೂಟು ಬಂದು ಕುಳಿತವು. ಗಂಟೆ ಬಾರಿಸುವ ಮುನ್ನ ಯಾರು ಬೇಕಾದರೂ ಹೋಗಬಹುದಿತ್ತು, ಯಾಕೆಂದು ಹೇಳಬೇಕಾಗಿರಲಿಲ್ಲ. ಆ ಹೆಸರು ಹಿಡಿದು ಕಾಡುತ್ತಿದ್ದ ನಾಲ್ವರನ್ನು ಮೇಷ್ಟ್ರು ಒಬ್ಬೊಬ್ಬರನ್ನಾಗಿ ಕರೆದರು. “ಅದು ನಾನಿಟ್ಟ ಹೆಸರು, ನಾನೇ ವಾಪಸ್ ತಗೊಂಡಿದೀನಿ. ಇನ್ಮೇಲೆ ಅದು ನಿನ್ನ ಬಾಯಲ್ಲಿ ಬಂದ್ರೆ ನನ್ನನ್ನ ಬೈದ ಹಾಗೆ” ಎಂದರು. ಒಂದೇ ದಿನಕ್ಕೆ ಎಲ್ಲ ನೆಟ್ಟಗಾಯಿತೆಂದರೆ ಉತ್ಪ್ರೇಕ್ಷೆಯಾದೀತು. ಆ ಹೆಸರು ಸಾಯಲು ಅರ್ಧ ವರ್ಷ ಹಿಡಿಯಿತು. ಅವಳ ಪಕ್ಕದ ಬೆಂಚು ತುಂಬಲು ಇನ್ನೂ ಸ್ವಲ್ಪ ಹೆಚ್ಚು.

ಚೀಟಿ ಬರೆದವರು ಯಾರೆಂದು ಇಂದಿಗೂ ತಿಳಿದಿಲ್ಲ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬರು ಶಾಲೆಗೆ ಬಂದು, “ಸರ್, ಆ ಚೀಟಿ...” ಎಂದು ಬಾಯಿ ತೆರೆದಾಗ ಮೇಷ್ಟ್ರು ಕೈಯೆತ್ತಿ ತಡೆದರು. “ಹೇಳಬೇಡಮ್ಮ. ಕಾಫಿ ಕುಡಿ.”

ಅಂದಿನ ಎಂಟನೇ ತರಗತಿಯ ಹುಡುಗಿ ಇಂದು ಒಂದು ದೊಡ್ಡ ಆಸ್ಪತ್ರೆಯಲ್ಲಿ ದಾದಿಯರ ತರಬೇತಿಯ ಹೊಣೆ ಹೊತ್ತಿದ್ದಾರೆ. ಹೊಸದಾಗಿ ಸೇರಿದವರನ್ನು ಹಿರಿಯರು ಉಡುಪು, ಮಾತು, ನಡಿಗೆಗಳ ನೆಪದಲ್ಲಿ ಹಳಿಯುವುದು ಅಲ್ಲಿಯೂ ಉಂಟಂತೆ. ಮೇಷ್ಟ್ರು ನಿವೃತ್ತರಾಗುತ್ತಾರೆಂದು ತಿಳಿದ ಕೂಡಲೇ ಆಕೆ ಫೋನು ಮಾಡಿ, “ವಾರಕ್ಕೆರಡು ದಿನ ನಮ್ಮಲ್ಲಿಗೆ ಬನ್ನಿ ಸರ್. ಹೊಸಬರಿಗೆ ಹೇಳೋಕೆ ನಾನಿದೀನಿ. ಹಿರಿಯರಿಗೆ ಹೇಳೋಕೆ ನೀವೇ ಬೇಕು” ಎಂದರು. ಮೇಷ್ಟ್ರು ಒಪ್ಪಿಕೊಂಡಿದ್ದಾರೆ. ಅವರ ಶ್ರೀಮತಿಯವರು ಅದಕ್ಕೂ ಮುಂಚೆಯೇ ಒಪ್ಪಿದ್ದರೆಂದು ಕೇಳಿದ್ದೇವೆ.

ಅವರ ಮೊಣಕಾಲುಗಳು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಆಯುಸ್ಸು ಧಾರಾಳವಾಗಿ ಒದಗಲಿ ಎಂದು ಈ ಶಾಲೆಯ ನಾವೆಲ್ಲರೂ ಹೃದಯ ತುಂಬಿ ಹಾರೈಸುತ್ತೇವೆ. ಮಕ್ಕಳನ್ನು ತಿದ್ದಿದವರು ನಮ್ಮ ವೃತ್ತಿಯಲ್ಲಿ ಬಹಳ ಮಂದಿ ಸಿಗುತ್ತಾರೆ. ಮಗುವೊಂದು ತಿದ್ದಿದಾಗ ತಿದ್ದಿಸಿಕೊಂಡವರ ಜೊತೆ ಇಷ್ಟು ವರ್ಷ ಕೆಲಸ ಮಾಡುವ ಪುಣ್ಯ ನಮ್ಮದಾಗಿತ್ತು.