ಕೂದಲಿಗಿಂತ ತೆಳ್ಳಗೆ ಕತ್ತರಿಸುವ ಅಕ್ಕ

ಬೆಳಗಿನ ಐದೂವರೆ. ನಾಲ್ಕನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಒಳಗೆ ಸ್ವೆಟರಿನ ಮೇಲೆ ಸ್ವೆಟರ್ ತೊಟ್ಟ ಹೆಂಗಸೊಬ್ಬರ ಒಂದು ಕೈ ಫ್ರಿಜ್‌ನಂಥ ಯಂತ್ರದೊಳಗಿದೆ, ಇನ್ನೊಂದು ಅದರ ಪಕ್ಕದ ಚಕ್ರದ ಮೇಲಿದೆ. ಚಕ್ರ ಒಂದು ಸುತ್ತು ಬಂದರೆ, ಇಲಿಮರಿಯ ಕಡಲೆಕಾಳಿನಷ್ಟಿರುವ ಹೆಪ್ಪುಗಟ್ಟಿದ ಮೆದುಳಿನಿಂದ ಕೂದಲಿಗಿಂತ ತೆಳ್ಳನೆಯ ಒಂದು ಪದರ ಕಳಚಿಕೊಳ್ಳುತ್ತದೆ. ಅದನ್ನು ಕುಂಚದ ತುದಿಯಲ್ಲಿ ನೇವರಿಸಿ ಗಾಜಿನ ಪಟ್ಟಿಯ ಮೇಲೆ ಕೂರಿಸುತ್ತಾರೆ.

“ಬಾಗಿಲು ಹಾಕ್ಕೊಳ್ಳಿ. ಉಸಿರು ಮೆಲ್ಲಗೆ ಬಿಡಿ. ನಿಮ್ಮ ಬಿಸಿ ಗಾಳಿ ತಾಗಿದ್ರೂ ಸಾಕು, ಚಾಪೆ ಥರ ಸುತ್ಕೊಂಬಿಡುತ್ತೆ” ಎನ್ನುತ್ತಾರೆ. ಜನ ಓಡಾಡಲು ಶುರುಮಾಡುವ ಮೊದಲೇ ಅರ್ಧ ಕೆಲಸ ಮುಗಿಸುವುದು ಇದಕ್ಕಾಗಿಯೇ.

ಪ್ರಯೋಗಾಲಯದವರಿಗೆಲ್ಲ ಇವರು ‘ಪದರಕ್ಕ’. ಗಾಜಿನ ಸಾಮಾನು ತೊಳೆಯಲು ಬಂದವರು, ಹಿಂದಿನ ಕೆಲಸಗಾರ ನಿವೃತ್ತನಾದಾಗ ಈ ಚಕ್ರ ಹಿಡಿದರು. ಇಪ್ಪತ್ತೆರಡು ವರ್ಷ ಆಯಿತು. ದಿನಕ್ಕೆ ನೂರಿಪ್ಪತ್ತು ಪದರ. ಚಳಿಗೆ ಬೆರಳ ಗೆಣ್ಣುಗಳು ಊದಿಕೊಂಡು, ಸಂಜೆ ಸ್ವೆಟರಿನ ಗುಂಡಿ ಬಿಚ್ಚಲು ಗಂಡನನ್ನು ಕೂಗಬೇಕು.

ಇಲಿಯ ಮೆದುಳಿನ ಹೊರಪದರ ನುಣ್ಣಗಿರುತ್ತದೆ, ನಮ್ಮದು ಸುಕ್ಕು ಸುಕ್ಕು. ಚಿಂಪಾಂಜಿಗಳಿಂದ ನಮ್ಮ ವಂಶ ಕವಲೊಡೆದ ಮೇಲೆ ಹಳೆಯ ಜೀನ್ ಒಂದರ ನಕಲು ನಮ್ಮಲ್ಲಿ ಮಾತ್ರ ಹುಟ್ಟಿ, ಬದಲಾಗಿ, ಮೆದುಳಿನ ಮೂಲಕೋಶಗಳು ಇನ್ನಷ್ಟು ಸಲ ಒಡೆದು ಹೆಚ್ಚುವಂತೆ ಮಾಡಿತೇ ಎಂಬುದು ಇಲ್ಲಿಯ ಹುಡುಕಾಟ. ಆ ಜೀನನ್ನು ಇಲಿಯ ಭ್ರೂಣಕ್ಕೆ ಸೇರಿಸಿ ನೋಡುತ್ತಾರೆ. “ದೊಡ್ಡ ಬೆಡ್‌ಶೀಟನ್ನ ಸಣ್ಣ ಡಬ್ಬಿಗೆ ತುರುಕಿದ್ರೆ ಮಡಿಕೆ ಬೀಳಲ್ವಾ, ಹಂಗೆ” ಎಂದು ಪದರಕ್ಕ ಬಿಡಿಸಿ ಹೇಳುತ್ತಾರೆ. ಆಮೇಲೆ ತುಟಿ ಕೊಂಕಿಸುತ್ತಾರೆ. “ಅಲ್ಲೂ ನೋಡಿ, ಹಳೇದು ಬಾಯ್ಮುಚ್ಕೊಂಡು ದುಡೀತಿರುತ್ತೆ. ಹೆಸರೆಲ್ಲ ನಕಲಿಗೆ.”

ಈ ಕೊಂಕಿಗೆ ಕಾರಣ ಅವರ ಸ್ವಂತ ತಂಗಿ. ಪಕ್ಕದ ಕೋಣೆಯಲ್ಲಿ ಪದರಗಳಿಗೆ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆಯುವವರು. ಕೆಲಸಕ್ಕೆ ಸೇರಿಸಿದ್ದು, ಕುಂಚ ಹಿಡಿಯಲು ಕಲಿಸಿದ್ದು ಅಕ್ಕನೇ. ಎರಡು ವರ್ಷದ ಹಿಂದೆ ತಂಗಿ ತೆಗೆದ ಫೋಟೊ ವಿಜ್ಞಾನ ಪತ್ರಿಕೆಯೊಂದರ ಮುಖಪುಟಕ್ಕೆ ಬಂತು. ಒಳಗಿನ ಲೇಖನದ ಕೃತಜ್ಞತೆಯ ಸಾಲಿನಲ್ಲಿ ತಂಗಿಯ ಹೆಸರಿತ್ತು, ಅಕ್ಕನದು ಇರಲಿಲ್ಲ. ಫೋಟೊಗೆ ಚೌಕಟ್ಟು ಹಾಕಿಸಿ ಮೆಟ್ಟಿಲ ಬಳಿ ತೂಗುಹಾಕಿದರು.

“ಹನ್ನೊಂದು ತಿಂಗಳು ಹಿಂದಿನ ಮೆಟ್ಟಿಲಲ್ಲೇ ಹತ್ತಿ ಇಳಿದೆ. ಕತ್ತರಿಸಿದ್ದು ನಾನು, ಬಣ್ಣ ಹಚ್ಚಿದ್ದು ಅವಳು. ಜನ ನೋಡೋದು ಬಣ್ಣಾನೇ. ಹೊಟ್ಟೆ ಧಗಧಗ ಅಂತಿತ್ತು. ಒಂದೇ ಹೊಟ್ಟೇಲಿ ಹುಟ್ಟಿದವರ ಮೇಲೆ ಬರೋ ಉರಿ ಇದ್ಯಲ್ಲ, ಅದಕ್ಕೆ ಮದ್ದಿಲ್ಲ.”

ಕಳೆದ ವರ್ಷ ಆ ಉರಿಗೆ ಒಂದು ಅವಕಾಶವೂ ಸಿಕ್ಕಿತು. ಪದರಕ್ಕನಿಗೊಂದು ಅಭ್ಯಾಸವಿದೆ: ಹೊಸ ಜೀನ್ ಸೇರಿಸಿದ ಮೆದುಳಿಗೆ ಬಲಗಡೆ, ಸೇರಿಸದ್ದಕ್ಕೆ ಎಡಗಡೆ ಒಂದು ಸಣ್ಣ ಗೀರು. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ಹೇಳಿದ್ದೂ ಅಲ್ಲ. ವಿಜ್ಞಾನಿಗಳ ದೊಡ್ಡ ಸಭೆಗೆಂದು ತಂಗಿ ಮುದ್ರಿಸಿಟ್ಟ ಫೋಟೊಗಳಲ್ಲಿ ಗೀರು ಅದಲುಬದಲಾಗಿತ್ತು. ಗಾಜಿನ ಪಟ್ಟಿಗಳನ್ನಿಟ್ಟ ಎರಡು ತಟ್ಟೆಗಳ ಚೀಟಿಯನ್ನು ತಂಗಿ ತಪ್ಪಾಗಿ ಅಂಟಿಸಿದ್ದರು. ಸಭೆಗೆ ಐದು ದಿನವಿತ್ತು.

“ಸುಮ್ನಿದ್ದೆ. ಸುಳ್ಳು ಯಾಕೆ ಹೇಳ್ಲಿ? ಅವಳು ಬೀಳ್ಲಿ ಅಂತಾನೇ ಸುಮ್ನಿದ್ದೆ.”

ಮೂರನೆಯ ದಿನ ಚಕ್ರ ತಿರುಗಿಸುವ ಲಯ ತಪ್ಪಿತು. ಹನ್ನೊಂದು ಪದರ ಹರಿದುಹೋದವು. ಇಪ್ಪತ್ತೆರಡು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. “ಇಲಿ ಪಾಪ ಜೀವಾನೇ ಕೊಟ್ಟಿದೆ. ನನ್ನ ಹೊಟ್ಟೆಕಿಚ್ಚಿಗೆ ಅದೂ ದಂಡ ಆಯ್ತಲ್ಲ ಅನ್ನಿಸ್ತು. ಎದ್ದು ಅವಳ ಕೋಣೆಗೆ ಹೋಗಿ ಗೀರಿನ ಗುಟ್ಟು ಹೇಳಿದೆ.”

ತಂಗಿ ಫೋಟೊ ನೋಡಿದರು, ಗೀರು ನೋಡಿದರು, ಮುಖ ಬಿಳಿಚಿತು. “ಯಾವಾಗ ಗೊತ್ತಾಯ್ತು?”

“ಸೋಮವಾರ.”

“ಇವತ್ತು ಬುಧವಾರ, ಅಕ್ಕಾ.”

ಅಷ್ಟೇ. ಬೈಗುಳವಿಲ್ಲ, ಅಳುವಿಲ್ಲ. ಇಬ್ಬರೂ ಒಟ್ಟಿಗೆ ಹೋಗಿ ಮುಖ್ಯ ವಿಜ್ಞಾನಿಗೆ ಹೇಳಿದರು. ಚೀಟಿಗಳನ್ನು ಬದಲಿಸಿ ಕೋಶಗಳನ್ನು ಮತ್ತೆ ಎಣಿಸಿದರು. ಸಭೆ ಸುಸೂತ್ರವಾಗಿ ನಡೆಯಿತು. ಈಗ ಆ ಗೀರು ಹಾಕುವುದು ಪ್ರಯೋಗಾಲಯದ ನಿಯಮ. ಹಾಗೆ ಮಾಡಿಸಿದ್ದು ತಂಗಿ. ಅಕ್ಕ ಮುಚ್ಚಿಟ್ಟ ಎರಡು ದಿನದ ವಿಷಯವನ್ನು ಅವರು ಇದುವರೆಗೂ ಯಾರಲ್ಲೂ ಎತ್ತಿಲ್ಲ.

“ಅದೇ ಕಷ್ಟ” ಎನ್ನುತ್ತಾರೆ ಪದರಕ್ಕ. “ಒಳ್ಳೆತನದಲ್ಲೂ ಅವಳೇ ಮುಂದೆ ಹೋಗ್ಬಿಟ್ಲು.”

ಹೊಟ್ಟೆಕಿಚ್ಚು ಆರಿತೇ ಎಂದರೆ, “ಅರ್ಧ” ಎಂದು ನಗುತ್ತಾರೆ. ಹೊಸ ಲೇಖನ ಸಿದ್ಧವಾಗುತ್ತಿದೆ. ಈ ಸಲ ಕೃತಜ್ಞತೆಯಲ್ಲಿ ಇಬ್ಬರ ಹೆಸರೂ ಇರುತ್ತದಂತೆ. ಬೇರೇನಾದರೂ ಆಸೆ?

ಪದರಕ್ಕ ಕುಂಚವನ್ನು ಒರೆಸುತ್ತಾ ದನಿ ತಗ್ಗಿಸುತ್ತಾರೆ. “ಅಕಾರಾದಿಯಾಗಿ ಹಾಕ್ಲಿ ಸಾಕು. ಹಂಗೆ ಹಾಕಿದ್ರೆ ನಂದೇ ಮೊದ್ಲು ಬರೋದು. ನೋಡ್ಕೊಂಡಿದೀನಿ.”